ಚೆನ್ನಾಗಿರುವ ದಿನ ಮಾತನಾಡುವ, ಮಲಗಿದ ದಿನ ಸುಮ್ಮನಿರುವ ಆ್ಯಪ್

ಪ್ರಶ್ನೆ: ನಾನು ಮೈಸೂರಿನವನು, ಐದು ಜನರ ಸಣ್ಣ ತಂಡವೊಂದರಲ್ಲಿ ಆ್ಯಪ್ ವಿನ್ಯಾಸಕ. ನನ್ನ ಅಕ್ಕನಿಗೆ 38 ವರ್ಷ, ಏಳು ವರ್ಷಗಳಿಂದ ಲೂಪಸ್ ಎಂಬ ದೀರ್ಘಕಾಲದ ಕಾಯಿಲೆ ಇದೆ. ಕೀಲುನೋವು ಈಗ ಹತೋಟಿಯಲ್ಲಿದೆ, ರಕ್ತಪರೀಕ್ಷೆಯೂ ಪರವಾಗಿಲ್ಲ ಎನ್ನುತ್ತಾರೆ. ಸುಸ್ತು ಮಾತ್ರ ಬಿಟ್ಟಿಲ್ಲ. ಅವಳನ್ನೇ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಆರೋಗ್ಯ ಆ್ಯಪ್‌ನಲ್ಲಿ ದೀರ್ಘಕಾಲದ ಕಾಯಿಲೆಯವರ ಸುಸ್ತಿಗೆಂದೇ ಒಂದು ವಿಭಾಗ ಮಾಡಿದ್ದೇವೆ. ದಿನಕ್ಕೆ ನಾಲ್ಕು ಬಾರಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಹೆಜ್ಜೆಗಳ ಗುರಿ ವಾರವಾರವೂ ಸ್ವಲ್ಪ ಏರುತ್ತದೆ. ಒಂದು ದಿನವೂ ತಪ್ಪಿಸದಿದ್ದರೆ ಪದಕ. ಅಂಕ ಕುಸಿದರೆ ಮನೆಯವರ ಮೊಬೈಲಿಗೆ ಸಂದೇಶ ಹೋಗುತ್ತದೆ. ‘ನಾಳೆ ನಿಮಗೆ ಸುಸ್ತಾಗಬಹುದು’ ಎಂದು ಮುಂಚಿತವಾಗಿ ಹೇಳುವ ಸೌಲಭ್ಯವೂ ಬರಲಿದೆ. ಅಕ್ಕ ಎರಡು ವಾರ ಬಳಸಿ ನಿಲ್ಲಿಸಿಬಿಟ್ಟಳು. ‘ಇದನ್ನು ತೆರೆದರೇ ಸುಸ್ತಾಗುತ್ತದೆ’ ಎಂದಳು. ಒಬ್ಬ ವೈದ್ಯರು ವ್ಯಾಯಾಮ ಹೆಚ್ಚಿಸಲೇಬೇಕು ಎನ್ನುತ್ತಾರೆ, ಇನ್ನೊಂದೆಡೆ ವ್ಯಾಯಾಮದಿಂದ ಹಾನಿ ಎಂದು ಓದಿದೆ. ಹಣ ಹೂಡುವವರು ಮೂವತ್ತನೆಯ ದಿನ ಎಷ್ಟು ಜನ ಆ್ಯಪ್ ತೆರೆಯುತ್ತಾರೆ ಎಂದು ಕೇಳುತ್ತಾರೆ. ಎಲ್ಲಿ ತಪ್ಪಿದ್ದೇವೆ?

ಉತ್ತರ:

ನಿಮ್ಮ ಅಕ್ಕನ ಆ ಒಂದು ಮಾತನ್ನು ಬರೆದು ತಂಡದವರೆಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಿ. ಆ್ಯಪ್ ತೆರೆದು, ಪ್ರಶ್ನೆ ಓದಿ, ತಮ್ಮ ಮೈಯನ್ನು ವಿಚಾರಿಸಿ, ಅದಕ್ಕೊಂದು ಅಂಕ ಹುಡುಕಿ ಒತ್ತುವುದೂ ಒಂದು ಕೆಲಸ. ದಿನಕ್ಕೆ ನಾಲ್ಕು ಬಾರಿ ಎಂದರೆ ತಿಂಗಳಿಗೆ 120 ಸಲ. ಪ್ರತಿ ಸಲವೂ ‘ನೀನು ಕಾಯಿಲೆಯವಳು’ ಎಂದು ನೆನಪಿಸಿದ ಹಾಗೆ. ಬದಲಿಗೆ ಅವರಿಗೆ ಸಿಕ್ಕಿದ್ದು ಅಂಕಗಳ ಏರಿಳಿತದ ಒಂದು ನಕ್ಷೆ, ಅದು ಹೇಳಿದ್ದು ಅವರಿಗೆ ಗೊತ್ತಿದ್ದುದನ್ನೇ.

ನಾನು ಇಪ್ಪತ್ತು ವರ್ಷಗಳಿಂದ ಲೂಪಸ್, ರುಮಟಾಯ್ಡ್ ಸಂಧಿವಾತದಂಥ ಕಾಯಿಲೆಗಳ ರೋಗಿಗಳನ್ನು ನೋಡುತ್ತಿದ್ದೇನೆ. ನಿಮ್ಮಂಥ ಎರಡು ತಂಡಗಳ ಜೊತೆ ಕುಳಿತು ಕೆಲಸ ಮಾಡಿದ್ದೇನೆ. ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ಅಕ್ಕ ಏಕೆ ಬಿಟ್ಟರು, ವ್ಯಾಯಾಮದ ವಿಷಯದಲ್ಲಿ ಯಾರನ್ನು ನಂಬುವುದು, ಹಣ ಹೂಡುವವರಿಗೆ ಏನು ತೋರಿಸುವುದು. ಮೂರರ ಬೇರೂ ಒಂದೇ ಕಡೆ ಇದೆ. ನೀವು ಸುಸ್ತಾದ ದಿನಕ್ಕೆಂದು ವಿನ್ಯಾಸ ಮಾಡಿದ್ದೀರಿ. ಆ ದಿನ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಏನಾದರೂ ಮಾಡಲು ಸಾಧ್ಯವಿದ್ದದ್ದು ಅದಕ್ಕೆ ಎರಡು ದಿನ ಮುಂಚೆ, ಅವರು ಚೆನ್ನಾಗಿದ್ದಾಗ.

ಅಲ್ಲಿಗೆ ಹೋಗುವ ಮೊದಲು ಪದದ ವಿಷಯ. ಕನ್ನಡದಲ್ಲಿ ‘ಸುಸ್ತು’ ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬುತ್ತೇವೆ. ಗದ್ದೆಯಲ್ಲಿ ನಾಟಿ ಮಾಡಿ ಬಂದವರಿಗೂ ಸುಸ್ತು, ಮಗುವಿಗಾಗಿ ನಿದ್ದೆಗೆಟ್ಟವರಿಗೂ ಸುಸ್ತು. ರೋಗಿಯ ಎದುರು ನಾಲ್ಕು ನಿಮಿಷ ಸುಮ್ಮನೆ ಕುಳಿತರೆ ಬೇರೆ ಮಾತುಗಳು ಹೊರಬರುತ್ತವೆ: ‘ಕೈಕಾಲು ಸೋಲುತ್ತವೆ’, ‘ನಿತ್ರಾಣ’, ‘ಮೈಯಲ್ಲಿ ಜೀವವೇ ಇಲ್ಲ’, ‘ತಲೆಗೆ ಮಂಕು ಕವಿದಂತಿದೆ’. ದಣಿವು ದುಡಿಮೆಯ ಬೆನ್ನಿಗೆ ಬರುತ್ತದೆ, ರಾತ್ರಿಯ ನಿದ್ದೆಯೊಂದಿಗೆ ಹೋಗುತ್ತದೆ. ನಿತ್ರಾಣ ಬರಲು ದುಡಿಮೆ ಬೇಕಿಲ್ಲ, ಎಂಟು ಗಂಟೆ ಮಲಗಿ ಎದ್ದರೂ ಅದು ಹಾಸಿಗೆಯ ಪಕ್ಕದಲ್ಲೇ ಕಾದಿರುತ್ತದೆ. ನಿಮ್ಮ ಆ್ಯಪ್‌ನಲ್ಲಿ ಎಲ್ಲಕ್ಕೂ ‘ಸುಸ್ತು’ ಎಂಬ ಒಂದೇ ಗುಂಡಿ ಇದ್ದರೆ ಈ ಎರಡೂ ಒಂದೇ ಗೆರೆಯಲ್ಲಿ ಬೆರೆತು ಹೋಗುತ್ತವೆ. ಮೈಯ ನಿತ್ರಾಣ, ತಲೆಯ ಮಂಕು, ನಿದ್ದೆಗೇಡು, ಇಷ್ಟನ್ನಾದರೂ ಬೇರೆ ಮಾಡಿ.

ವರದಿ ಸರಿಯಿದ್ದರೂ ಸುಸ್ತೇಕೆ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಅದು ಪತ್ರದಲ್ಲಿದೆ. ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುತ್ತದೆ. ಆಗ ಹೊರಬರುವ ಸೈಟೊಕೈನ್‌ಗಳೆಂಬ ರಾಸಾಯನಿಕ ಸಂದೇಶಗಳು ಮಿದುಳನ್ನೂ ಮುಟ್ಟುತ್ತವೆ. ಜ್ವರ ಬಂದಾಗ ಮುದುಡಿ ಮಲಗಬೇಕೆನಿಸುವುದು ಇದೇ ದಾರಿಯಿಂದ. ಕಾಯಿಲೆ ಹತೋಟಿಗೆ ಬಂದರೂ ಸುಸ್ತು ಉಳಿಯುವುದು ಸಾಮಾನ್ಯ, ಏಕೆಂದರೆ ಅಷ್ಟರಲ್ಲಿ ಬೇರೆ ಕಾರಣಗಳೂ ಬಂದು ಸೇರಿರುತ್ತವೆ: ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ನೋವಿನಿಂದ ಒಡೆದ ನಿದ್ದೆ, ಸ್ಟೀರಾಯ್ಡ್‌ನಿಂದ ಕೆಟ್ಟ ನಿದ್ದೆ, ಖಿನ್ನತೆ, ವರ್ಷಗಟ್ಟಲೆ ಓಡಾಟವಿಲ್ಲದೆ ಸೊರಗಿದ ಸ್ನಾಯುಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹೀಗಿರುವಾಗ ಎಲ್ಲವನ್ನೂ ಲೂಪಸ್‌ನ ತಲೆಗೆ ಕಟ್ಟುವುದು ತಪ್ಪು. ಆ್ಯಪ್ ಶುರುವಿನಲ್ಲೇ ಒಂದು ಸಲ ಕೇಳಲಿ: ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಕಡೆಯದಾಗಿ ಮಾಡಿಸಿದ್ದು ಯಾವಾಗ? ಉತ್ತರ ‘ನೆನಪಿಲ್ಲ’ ಎಂದಾದರೆ ಮೊದಲು ವೈದ್ಯರ ಬಳಿ ಹೋಗಲು ಹೇಳಲಿ. ಗುಣವಾಗಬಲ್ಲ ಕಾರಣವೊಂದು ಒಳಗೆ ಕುಳಿತಿರುವಾಗ ಮೇಲೆ ನಕ್ಷೆ ಬಿಡಿಸುತ್ತಾ ಕೂತರೆ ಆ ರೋಗಿಗೆ ಮೋಸ ಮಾಡಿದಂತೆ.

ಈಗ ವ್ಯಾಯಾಮ. ನೀವು ಕೇಳಿದ ಎರಡೂ ಮಾತು ನಿಜ, ಆದರೆ ಬೇರೆ ಬೇರೆ ರೋಗಿಗಳಿಗೆ. ಸಂಧಿವಾತ, ಲೂಪಸ್‌ನಂಥ ಉರಿಯೂತದ ಕಾಯಿಲೆಗಳಲ್ಲಿ ತಾಳಿಕೆಗೆ ತಕ್ಕ ದೈಹಿಕ ಚಟುವಟಿಕೆ ಸುಸ್ತನ್ನು ಇಳಿಸುತ್ತದೆ. ಯುರೋಪಿನ ವಾತರೋಗ ತಜ್ಞರ ಒಕ್ಕೂಟವಾದ ಯೂಲಾರ್ 2023ರ ಶಿಫಾರಸುಗಳಲ್ಲಿ ಇದನ್ನೇ ಹೇಳಿದೆ. ಬಿಡದ ತೀವ್ರ ಸುಸ್ತೇ ಮುಖ್ಯ ಲಕ್ಷಣವಾದ, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದೂ ಕರೆಯುವ ಎಂಇ ಕಾಯಿಲೆಯ ಕಥೆ ಬೇರೆ. ಬ್ರಿಟನ್ನಿನ ನೈಸ್ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತ್ತು. ರೋಗಿಗಳು ವರ್ಷಗಟ್ಟಲೆ ‘ಇದರಿಂದ ನಾವು ಹಾಸಿಗೆ ಹಿಡಿದೆವು’ ಎಂದು ಹೇಳುತ್ತಲೇ ಬಂದರು. 2021ರ ಅಕ್ಟೋಬರ್‌ನಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಅದನ್ನು ಕೊಡಬಾರದು ಎಂದೇ ಬರೆಯಲಾಯಿತು. ಕಾರಣ, ಈ ಕಾಯಿಲೆಯಲ್ಲಿ ಶ್ರಮದ ಪೆಟ್ಟು ತಡವಾಗಿ ಬೀಳುತ್ತದೆ. ಇವತ್ತು ಮಾಡಿದ್ದಕ್ಕೆ ಸಾಮಾನ್ಯವಾಗಿ 12ರಿಂದ 48 ಗಂಟೆಗಳ ನಂತರ ಮೈಯೆಲ್ಲ ಕುಸಿಯುತ್ತದೆ, ಆ ಕುಸಿತ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಕೋವಿಡ್ ನಂತರ ಚೇತರಿಸಿಕೊಳ್ಳದೇ ಉಳಿದ ಹಲವರಲ್ಲೂ ಇದೇ ಲಕ್ಷಣ ಇದೆ.

ಹಾಗಾಗಿ ವಾರವಾರ ತಾನೇ ಏರುವ ಹೆಜ್ಜೆಗುರಿಯನ್ನು ಇವತ್ತೇ ತೆಗೆದುಹಾಕಿ. ಅದರ ಜಾಗದಲ್ಲಿ ಒಂದು ಪ್ರಶ್ನೆ ಬರಲಿ: ‘ಸ್ವಲ್ಪ ಹೆಚ್ಚು ಓಡಾಡಿದ ಮರುದಿನ ಅಥವಾ ಅದರ ಮರುದಿನ, ಮಾಡಿದ ಕೆಲಸಕ್ಕೆ ತಾಳೆಯೇ ಆಗದಷ್ಟು ಕುಸಿಯುತ್ತೀರಾ?’ ಹೌದು ಎಂದವರಿಗೆ ಏರಿಕೆಯ ಮಾತೇ ಬೇಡ. ಇಲ್ಲ ಎಂದವರಿಗೂ ಗುರಿಯನ್ನು ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಬಳಕೆದಾರರೇ ಬದಲಿಸಲಿ, ಆ್ಯಪ್ ತಾನಾಗಿ ಬದಲಿಸುವುದು ಬೇಡ. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ನಿಮ್ಮ ತಂಡದ ತಲೆಯಲ್ಲಿದ್ದರೆ ಒಂದು ಮಾತು: 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಅದು ಲೋಕಕ್ಕೆ ಹರಡಿತು. ಲೂಪಸ್ ರೋಗಿಯ ಮೈ ನೋಡಿ ಯಾರೂ ಆ ಲೆಕ್ಕ ಹಾಕಿಲ್ಲ. ಇನ್ನೊಂದು, ಲೂಪಸ್ ಇರುವವರಿಗೆ ಬಿಸಿಲು ಕಾಯಿಲೆಯನ್ನು ಕೆರಳಿಸಬಹುದು. ಬೆಳಗಿನ ಹನ್ನೊಂದು ಗಂಟೆಗೆ ‘ಒಂದು ಸುತ್ತು ನಡೆದು ಬನ್ನಿ’ ಎಂಬ ಸಂದೇಶ ಕಳಿಸುವ ಆ್ಯಪ್ ಅವರ ಶತ್ರು.

ಪದಕದ ಬಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಾನು ಸಲಹೆ ಕೊಟ್ಟಿದ್ದ ಒಂದು ತಂಡದ ಆ್ಯಪ್‌ನಲ್ಲಿಯೂ ತಪ್ಪದ ದಿನಗಳ ಸರಪಳಿ ಇತ್ತು. ಅದಕ್ಕೆ ಒಪ್ಪಿದವರಲ್ಲಿ ನಾನೂ ಒಬ್ಬ ಸಲಹೆಗಾರ, ಆ ತಪ್ಪು ನನ್ನದೂ ಹೌದು. ಅದನ್ನು ಬಳಸುತ್ತಿದ್ದ ಒಬ್ಬ ಶಾಲಾ ಶಿಕ್ಷಕಿ ನನ್ನ ಬಳಿ ಬಂದಾಗ ಪಾದಗಳು ಊದಿದ್ದವು. ಸರಪಳಿ 41 ದಿನಕ್ಕೆ ಬಂದಿತ್ತಂತೆ. ರಾತ್ರಿ ಹನ್ನೊಂದೂವರೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಗೋಡೆ ಹಿಡಿದು ನಡೆದು ಅಂದಿನ ಲೆಕ್ಕ ಮುಗಿಸಿದ್ದರು. ಆ್ಯಪ್ ಪಟಾಕಿ ಹಾರಿಸಿ ಅಭಿನಂದನೆ ಹೇಳಿತ್ತು. ಆ ಪಟಾಕಿಯ ಚಿತ್ರವನ್ನು ಅವರು ನನಗೆ ತೋರಿಸಿದಾಗ ಏನು ಹೇಳಬೇಕೆಂದು ತೋಚಲಿಲ್ಲ. ವಿಶ್ರಾಂತಿಯೇ ಚಿಕಿತ್ಸೆಯಾಗಿರುವ ದಿನ ಅದನ್ನು ಸೋಲೆಂದು ಬರೆದಿಡುವ ಯಾವ ಚಿಹ್ನೆಯೂ ನಿಮ್ಮ ಪರದೆಯ ಮೇಲೆ ಇರಕೂಡದು.

ಚೆನ್ನಾಗಿರುವ ದಿನಕ್ಕೆ ಬರುತ್ತೇನೆ. ಗೌರಿ-ಗಣೇಶ ಹಬ್ಬದ ಮುಂಚಿನ ದಿನವನ್ನು ಊಹಿಸಿಕೊಳ್ಳಿ. ತಿಂಗಳುಗಳ ನಂತರ ಮೈ ಹಗುರವಾಗಿದೆ. ಅಟ್ಟದ ಪಾತ್ರೆ ಇಳಿಸುತ್ತಾರೆ, ಕಡುಬಿಗೆ ಹಿಟ್ಟು ನಾದುತ್ತಾರೆ, ಬಾಗಿನ ಜೋಡಿಸುತ್ತಾರೆ, ಬಾಕಿ ಇದ್ದ ಸೀರೆಗಳನ್ನೂ ಇಸ್ತ್ರಿ ಮಾಡಿಬಿಡುತ್ತಾರೆ. ‘ಆಗುತ್ತಿರುವಾಗಲೇ ಮಾಡಿ ಮುಗಿಸಿಬಿಡೋಣ’ ಎಂಬ ಮಾತನ್ನು ನನ್ನ ಕೊಠಡಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಬ್ಬದ ದಿನ ಹೇಗೋ ಕಳೆಯುತ್ತದೆ, ಅದರ ಮರುದಿನ ಬಾಚಣಿಗೆ ಎತ್ತಲೂ ಆಗುವುದಿಲ್ಲ. ಮೊನ್ನೆಯ ಇಸ್ತ್ರಿಗೂ ಇವತ್ತಿನ ನಿತ್ರಾಣಕ್ಕೂ ಸಂಬಂಧವಿದೆ ಎಂದು ಅವರಿಗೆ ಹೊಳೆಯುವುದಿಲ್ಲ, ನಡುವೆ ಒಂದು ಇಡೀ ದಿನ ಬಿದ್ದಿದೆ. ಮನುಷ್ಯರ ನೆನಪಿಗೆ ಕಷ್ಟವಾದ ಈ ಕೆಲಸವನ್ನು ಯಂತ್ರ ಸುಲಭವಾಗಿ ಮಾಡಬಲ್ಲದು. ನಿಮ್ಮ ನಕ್ಷೆ ಅದೇ ದಿನದ ಚಟುವಟಿಕೆಯನ್ನು ಅದೇ ದಿನದ ಸುಸ್ತಿಗೆ ಹೋಲಿಸುತ್ತಿದ್ದರೆ ಉಲ್ಟಾ ಪಾಠ ಹೇಳುತ್ತದೆ: ಹೆಚ್ಚು ಓಡಾಡಿದ ದಿನವೇ ಸುಸ್ತು ಕಡಿಮೆ ಎಂದು! ಒಂದರಿಂದ ಮೂರು ದಿನ ಹಿಂದಕ್ಕೆ ನೋಡುವಂತೆ ಮಾಡಿ. ಔಷಧಿಯ ದಿನವನ್ನೂ ಸೇರಿಸಿಕೊಳ್ಳಿ. ಇಂಥ ಕಾಯಿಲೆಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುವ ಹಲವರು ಮರುದಿನ ಏಳಲಾರರು. ಶನಿವಾರ ಮಾತ್ರೆ ನುಂಗಿದವರಿಗೆ ಭಾನುವಾರದ ಸುಸ್ತು ಮನೆಗೆಲಸದಿಂದ ಬಂತೆಂದು ಆ್ಯಪ್ ಹೇಳಬಾರದು.

ಮತ್ತೆ ಆ್ಯಪ್ ಏನು ಮಾಡಬೇಕು? ಚೆನ್ನಾಗಿರುವ ದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಸಲ ಮೆಲ್ಲಗೆ ಹೇಳಲಿ: ‘ಕಳೆದ ತಿಂಗಳು ಇಂಥ ಮೂರು ದಿನಗಳ ನಂತರ ಮಲಗಿದ್ದಿರಿ. ಉಳಿದದ್ದನ್ನು ನಾಳೆಗೆ ಇಟ್ಟುಕೊಳ್ಳಬಹುದೇ?’ ಇಂಗ್ಲಿಷ್‌ನಲ್ಲಿ ಇದಕ್ಕೆ ಪೇಸಿಂಗ್ ಎನ್ನುತ್ತಾರೆ. ನಮ್ಮಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದುಡ್ಡಿಗೆ ಹೇಳುತ್ತೇವಲ್ಲ, ಅದೇ ಮಾತು ಮೈಗೆ. ಮಲಗಿದ ದಿನ ಯಾವ ನೋಟಿಫಿಕೇಶನ್ನೂ ಬೇಡ. ಪರದೆ ತೆರೆದರೆ ‘ಇವತ್ತು ಆಗದು’ ಎಂಬ ಒಂದು ದೊಡ್ಡ ಗುಂಡಿ, ಒತ್ತಿದರೆ ಮುಂದಿನ ಇಪ್ಪತ್ತನಾಲ್ಕು ಗಂಟೆ ಆ್ಯಪ್ ಮೌನ. ನಡುವೆ ಬಿಟ್ಟ ದಿನಗಳನ್ನು ಖಾಲಿ ಕುಳಿಗಳಂತೆ ತೋರಿಸಬೇಡಿ. ಬಿಟ್ಟದ್ದೂ ಒಂದು ಮಾಹಿತಿಯೇ.

ಅಂಕದ ವಿಷಯಕ್ಕೆ ಬಂದರೆ, ಸೊನ್ನೆಯಿಂದ ಹತ್ತು ಎಂಬುದು ಆಸ್ಪತ್ರೆಯವರ ಭಾಷೆ. ನನ್ನ ಹಿರಿಯ ರೋಗಿಗಳು ಇಂದಿಗೂ ‘ಎಂಟಾಣೆ ವಾಸಿ, ಇನ್ನು ಎಂಟಾಣೆ ಉಳಿದಿದೆ’ ಎನ್ನುತ್ತಾರೆ. ನಾಲ್ಕಾಣೆ ಎಂದು ನಾವು ಕರೆಯುತ್ತಿದ್ದ 25 ಪೈಸೆಯ ನಾಣ್ಯ ಚಲಾವಣೆಯಿಂದ ಹೋಗಿದ್ದು 2011ರಲ್ಲಿ. ನಾಣ್ಯ ಹೋದರೂ ಮಾತು ಹೋಗಿಲ್ಲ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಪೂರ್ತಿ ರೂಪಾಯಿ ಎಂಬ ನಾಲ್ಕೇ ಮೆಟ್ಟಿಲು ಸಾಕು. ಆಣೆ ಗೊತ್ತಿಲ್ಲದ ಕಿರಿಯರಿಗೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಪ್ರತಿ ಮೆಟ್ಟಿಲಿಗೂ ದಿನದ ಬದುಕಿನಿಂದ ಒಂದು ಗುರುತು ಇರಲಿ: ಸ್ನಾನ ಮುಗಿಸಿ ಕುಳಿತುಕೊಳ್ಳಬೇಕಾಯಿತು, ಮೆಟ್ಟಿಲ ನಡುವೆ ನಿಂತೆ, ಫೋನಿನಲ್ಲಿ ಮಾತನಾಡುವುದೂ ಭಾರವಾಯಿತು. 2003ರಲ್ಲಿ ಲೂಪಸ್ ಇದ್ದ ಅಮೆರಿಕದ ಮಹಿಳೆಯೊಬ್ಬರು ಹೋಟೆಲಿನ ಮೇಜಿನ ಚಮಚಗಳನ್ನು ಗೆಳತಿಯ ಕೈಗಿಟ್ಟು, ಪ್ರತಿ ಕೆಲಸಕ್ಕೂ ಒಂದೊಂದು ಕಿತ್ತುಕೊಂಡು ತಮ್ಮ ದಿನವನ್ನು ವಿವರಿಸಿದ್ದರು. ಅಲ್ಲಿಯ ರೋಗಿಗಳಿಗೆ ಚಮಚವೇ ಲೆಕ್ಕದ ಮಾನವಾಯಿತು. ನಮ್ಮವರಿಗೆ ಆಣೆ ಆಗಲಿ. ದಿನಕ್ಕೆ ಒಂದು ಸಲ ಕೇಳಿ, ಬೇಕೆಂದವರಿಗೆ ಎರಡು ಸಲ. ತಲೆಗೆ ಮಂಕು ಕವಿದವರು ಓದುವ ಪರದೆ ಇದು, ಆದ್ದರಿಂದ ಒಂದು ಪರದೆಗೆ ಒಂದೇ ಪ್ರಶ್ನೆ, ದೊಡ್ಡ ಅಕ್ಷರ, ಕಣ್ಣಿಗೆ ಚುಚ್ಚದ ಬಣ್ಣ, ಬರೆಯುವ ಬದಲು ಮಾತಿನಲ್ಲಿ ಹೇಳುವ ಅವಕಾಶ.

ಕೈಗಡಿಯಾರದಿಂದ ನಾಡಿಬಡಿತ ತೆಗೆದುಕೊಂಡು ಎಚ್ಚರಿಸುವ ಆಯ್ಕೆ ನಿಮ್ಮ ಮುಂದಿದೆ. ಎಂಇ ರೋಗಿಗಳಲ್ಲಿ ಕೆಲವರಿಗೆ ಅದು ನಿಜವಾಗಿಯೂ ಆಸರೆಯಾಗಿದೆ, ಒತ್ತುವ ಕೆಲಸವೂ ತಪ್ಪುತ್ತದೆ. ಆದರೆ 220ರಿಂದ ವಯಸ್ಸು ಕಳೆದು ಅದರ ಶೇ 60ರಲ್ಲಿ ನಿಲ್ಲಿ ಎಂಬ ಜನಪ್ರಿಯ ಸೂತ್ರದಂತೆ ನಿಮ್ಮ ಅಕ್ಕನ ಮಿತಿ ನಿಮಿಷಕ್ಕೆ 109 ಬಡಿತ ಆಗುತ್ತದೆ. ಅದು ಅಂದಾಜು ಮಾತ್ರ. ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಹೆಚ್ಚು ಏರದ ಕಾರಣ ಗಡಿಯಾರ ಸುಳ್ಳು ಧೈರ್ಯ ಕೊಡುತ್ತದೆ. ಸಡಿಲ ಪಟ್ಟಿಯಿಂದಲೂ ಓದಿಕೆ ತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗಡಿಯಾರ ಕೊಳ್ಳಲಾಗದವರಿಗೆ ಆ್ಯಪ್ ಅರ್ಧಕ್ಕೇ ದಕ್ಕುವಂತಾಗಬಾರದು. ಇದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

‘ನಾಳೆ ಸುಸ್ತಾಗಬಹುದು’ ಎಂಬ ಭವಿಷ್ಯವಾಣಿಯನ್ನು ನಾನು ಬೇಡವೆನ್ನುತ್ತೇನೆ. ಅದು ಸುಳ್ಳಾದ ದಿನ ನಂಬಿಕೆ ಹೋಗುತ್ತದೆ, ನಂಬಿದ ದಿನ ಹೆದರಿಕೆಯೇ ಮೈಯನ್ನು ಕುಗ್ಗಿಸುತ್ತದೆ. ಹಿಂದೆ ಆದದ್ದನ್ನು ತೋರಿಸಿ ನಿರ್ಧಾರ ಅವರಿಗೆ ಬಿಡುವುದು ಹೆಚ್ಚು ಪ್ರಾಮಾಣಿಕ. ಕಾಯಿಲೆಯನ್ನು ಊಹಿಸುವ, ಚಿಕಿತ್ಸೆ ಸೂಚಿಸುವ ತಂತ್ರಾಂಶ ನಮ್ಮ 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೂ ಬರಬಹುದು, ಕಾನೂನು ಬಲ್ಲವರನ್ನು ಕೇಳಿಯೇ ಮುಂದುವರಿಯಿರಿ.

ಮನೆಯವರಿಗೆ ಹೋಗುವ ಸಂದೇಶದ ಬಗ್ಗೆ ನನಗೆ ನಿಜವಾದ ಭಯವಿದೆ. ಅಕ್ಕನಿಗೆ ನಿಮ್ಮಂಥ ತಮ್ಮ ಇದ್ದಾನೆ. ನನ್ನ ಹಲವು ರೋಗಿಗಳ ಮನೆಯಲ್ಲಿ ಸೊಸೆಯ ಸುಸ್ತು ಎಂದರೆ ಸೋಮಾರಿತನ. ‘ನಿನ್ನೆ ಹನ್ನೆರಡಾಣೆ ಚೆನ್ನಾಗಿದ್ದೆಯಂತೆ, ಇವತ್ತೇನಾಯಿತು?’ ಎಂದು ಕೇಳಲು ಆ ಸಂದೇಶವೇ ಸಾಕ್ಷಿಯಾಗುತ್ತದೆ. ಈ ಸೌಲಭ್ಯ ಮೊದಲಿನಿಂದ ಮುಚ್ಚಿದ್ದೇ ಇರಲಿ. ತೆರೆದವರೂ ಅಂಕ ಕಳಿಸದೆ ‘ಇವತ್ತು ಅಡುಗೆಗೆ ಕೈಜೋಡಿಸಿ’ ಎಂಬಂಥ, ತಾವೇ ಆರಿಸಿದ ಒಂದು ಮಾತನ್ನು ಕಳಿಸುವಂತಿರಲಿ. ಉದ್ಯೋಗದಾತರಿಗೂ ವಿಮೆಯವರಿಗೂ ಈ ಮಾಹಿತಿ ತಲುಪುವ ದಾರಿಯೇ ಇರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು, ಕನ್ನಡ ಅದರಲ್ಲಿದೆ. ಅದನ್ನು ವಕೀಲರ ಕನ್ನಡದಲ್ಲಿ ಬರೆಸಬೇಡಿ, ನಿಮ್ಮ ತಾಯಿಗೆ ಓದಿ ಹೇಳಿ ಅರ್ಥವಾಗುವಂತೆ ಬರೆಯಿರಿ.

ಆ್ಯಪ್ ಎಲ್ಲಿ ಕೈಬಿಟ್ಟು ವೈದ್ಯರ ಬಳಿ ಕಳಿಸಬೇಕು ಎಂಬುದನ್ನು ಮೊದಲ ದಿನವೇ ಬರೆದಿಡಿ. ಎದೆನೋವು, ಏದುಸಿರು, ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ 108ಕ್ಕೆ ಕರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರಿಗೆ ಜ್ವರ ಬಂದರೆ, ಲೂಪಸ್ ಇರುವವರಲ್ಲಿ ಕಾಲು ಊದಿದರೆ, ಮೂತ್ರ ನೊರೆಯಾದರೆ ತಡಮಾಡದೆ ಭೇಟಿ. ಕಾಲೂತ, ನೊರೆ ಎರಡೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವುದರ ಗುರುತಾಗಿರಬಹುದು. ಬದುಕೇ ಬೇಡವೆನಿಸುತ್ತಿದೆ ಎಂದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಒಂದೇ ಒತ್ತಿನಲ್ಲಿ ಸಿಗಬೇಕು, ಅಲ್ಲಿ ಕನ್ನಡದಲ್ಲಿ ಮಾತನಾಡುವವರಿದ್ದಾರೆ.

ಹಣ ಹೂಡುವವರಿಗೆ ನೇರವಾಗಿ ಹೇಳಿ: ಈ ವಿಭಾಗ ಚೆನ್ನಾಗಿ ಕೆಲಸ ಮಾಡಿದರೆ ಜನ ಇದನ್ನು ಕಡಿಮೆ ತೆರೆಯುತ್ತಾರೆ. ಎಣಿಸಬೇಕಾದದ್ದು ತಿಂಗಳಲ್ಲಿ ಪೂರ್ತಿ ಮಲಗಿದ ದಿನಗಳು ಎಷ್ಟು, ರದ್ದಾದ ಕೆಲಸಗಳು ಎಷ್ಟು, ವೈದ್ಯರ ಮುಂದೆ ಒಂದು ಪುಟದ ಸಾರಾಂಶ ಇಟ್ಟವರು ಎಷ್ಟು ಎಂಬುದನ್ನು. ಆ ಒಂದು ಪುಟದ ಬೆಲೆ ನನಗೆ ಗೊತ್ತು. ಎಂಟು ನಿಮಿಷದ ಭೇಟಿಯಲ್ಲಿ ‘ಹೇಗಿದ್ದೀರಿ’ ಎಂದರೆ ‘ಹೀಗೇ ಇದ್ದೇನೆ’ ಎನ್ನುವವರೇ ಹೆಚ್ಚು.

ಸದ್ಯಕ್ಕೆ ಕೋಡ್ ಬರೆಯುವುದನ್ನು ನಿಲ್ಲಿಸಿ. ಅಕ್ಕನ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ದಾರದಲ್ಲಿ ಪೆನ್ಸಿಲ್ ಕಟ್ಟಿ. ರಾತ್ರಿ ಮಲಗುವ ಮುನ್ನ ಒಂದು ಗುರುತು: ಎಷ್ಟು ಆಣೆ. ಪಕ್ಕದಲ್ಲಿ, ಮನಸ್ಸಿದ್ದರೆ, ಅಂದು ಮಾಡಿದ ಒಂದು ದೊಡ್ಡ ಕೆಲಸದ ಹೆಸರು. ಆಗದ ದಿನ ಖಾಲಿ ಬಿಡಲಿ, ನೀವು ನೆನಪಿಸಬೇಡಿ. ಮೂರು ವಾರವಾದ ಮೇಲೆ ಹಾಳೆಯನ್ನು ಬಿಡಿಸಿ ಅವರ ಮುಂದಿಟ್ಟು, ನೀವು ಬಾಯಿ ಬಿಡುವ ಮೊದಲು ಅವರು ಯಾವ ಎರಡು ಗುರುತುಗಳ ನಡುವೆ ಬೆರಳಿಟ್ಟು ಗೆರೆ ಎಳೆಯುತ್ತಾರೆ ನೋಡಿ. ನಿಮ್ಮ ಮೊದಲ ಪರದೆ ಆ ಗೆರೆಯಿಂದ ಶುರುವಾಗಲಿ.